ಕುಂಕುಮ ಹಚ್ಚಿದ ಪಾನಾ

ನೀಲಾ ಹೊಲಸಿಗೆ ಹೇಸುವವಳಲ್ಲ. ಟಿಕೋಟಾದ ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ ಆಕೆ. ಕರು ಅಡ್ಡ ಸಿಕ್ಕಿಕೊಂಡ ಎಮ್ಮೆಯ ಹೊಟ್ಟೆಯೊಳಗೆ ತೋಳುಮಟ ಕೈ ಹಾಕಿ, ಆಮೇಲೆ ಅದೇ ಕೈ ತೊಳೆದುಕೊಂಡು ರೊಟ್ಟಿ ಮುರಿಯುವ ಹೆಂಗಸು. ಆಕೆಗೆ ಹೇಸಿಗೆ ಬರುತ್ತಿದ್ದುದು ಒಂದಕ್ಕೇ: ತನ್ನ ಹೊಸ ಕಾರಿನ ಬಾನೆಟ್ಟು ಎತ್ತಿ, ಯಾರೂ ಕೇಳದಿದ್ದರೂ ಬುದ್ಧಿ ಹೇಳುವ ಗಂಡಸರ ಬೆರಳುಗಳಿಗೆ.

ಕಾರು ತಂದಾಗಿನಿಂದ ಇದೇ ಗೋಳು. ಅಥಣಿ ರಸ್ತೆಯ ತನ್ನ ಮನೆಯ ಮುಂದೆ ನಿಲ್ಲಿಸಿದರೆ ಪಕ್ಕದ ಮನೆಯವನು, ಕನಮಡಿಯ ಕೊಟ್ಟಿಗೆಯ ಮುಂದೆ ನಿಲ್ಲಿಸಿದರೆ ದನದ ಮಾಲೀಕ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಹಿರಿಯುವುದು, ಎರಡು ಬೆರಳ ನಡುವೆ ಎಣ್ಣೆ ತಿಕ್ಕುವುದು, ಮೂಸುವುದು, ಸತ್ತವರ ಮನೆಗೆ ಬಂದವರಂತೆ ತಲೆ ಅಲ್ಲಾಡಿಸುವುದು. "ನೀರಿದ್ದಂಗ ಐತೆಲ್ರಿ ಮೇಡಂ! ಯಾರೋ ಮೋಸ ಮಾಡ್ಯಾರ ನಿಮಗ." ಹೀಗೆ ಹೇಳಿ, ಬೆರಳನ್ನು ಕಾರಿನ ಬಾಗಿಲಿಗೇ ಒರೆಸಿ ಹೋಗುವುದು. ಆ ಜಿಡ್ಡಿನ ಗೀರು ಕಂಡಾಗಲೆಲ್ಲ ಆಕೆ ಬಾಗಿಲನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು.

ಕಾರಿಗೆ ಬೇಕಾದ್ದೇ ತೆಳು ಎಣ್ಣೆ. ಕಾರಿನ ಜೊತೆ ಬಂದ ಪುಸ್ತಕವನ್ನು ನೀಲಾ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದಳು. ಸೊನ್ನೆ ಡಬ್ಲ್ಯೂ ಇಪ್ಪತ್ತು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಮೊದಲಿನ ಅಂಕಿ ತಣ್ಣಗಿದ್ದಾಗ ಎಣ್ಣೆ ಎಷ್ಟು ಬೇಗ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. ಬದಲಿಸುವುದು ಹತ್ತು ಸಾವಿರ ಕಿಲೋಮೀಟರಿಗೆ, ಇಲ್ಲವೇ ವರ್ಷಕ್ಕೆ, ಯಾವುದು ಮೊದಲೋ ಅದಕ್ಕೆ. ಆದರೆ ಧೂಳಿನ ದಾರಿಯಲ್ಲಿ, ಇಂಜಿನ್ನು ಕಾಯುವ ಮೊದಲೇ ಆರಿಸಿ ಆರಿಸಿ ಓಡಿಸುವವರು ಅದರ ಅರ್ಧಕ್ಕೇ ಬದಲಿಸಬೇಕು. ಟಿಕೋಟಾದಿಂದ ಊರೂರಿಗೆ, ಕೊಟ್ಟಿಗೆಯಿಂದ ಕೊಟ್ಟಿಗೆಗೆ ತಿರುಗುವ ನೀಲಾ ಅರ್ಧಕ್ಕೇ ಎಂದು ತೀರ್ಮಾನಿಸಿದಳು. ಎಮ್ಮೆಗೆ ಎಷ್ಟು ಔಷಧ, ಆಡಿಗೆ ಎಷ್ಟು ಎಂದು ದಿನಾ ಲೆಕ್ಕ ಹಾಕುವವಳಿಗೆ ಇದೇನು ಬ್ರಹ್ಮವಿದ್ಯೆಯೆ?

ಆದರೆ ಹೇಳಿದರೆ ಕೇಳುವವರು ಯಾರು? ಪೇಟೆಯ ಸಿದ್ಧೇಶ್ವರ ಗುಡಿಯ ಹತ್ತಿರದ ಎಣ್ಣೆ ಅಂಗಡಿಗೆ ಗಂಡ ಧರ್ಮರಾಜನನ್ನು ಕರೆದುಕೊಂಡು ಹೋದದ್ದೇ ತಪ್ಪಾಯಿತು. ಅಂಗಡಿಯವನು ಆಕೆಯ ಮುಖವನ್ನೇ ನೋಡಲಿಲ್ಲ.

"ಗಾಡಿ ಯಾವದ್ರಿ ಸಾಹೇಬ್ರ?" ಎಂದು ಧರ್ಮರಾಜನನ್ನು ಕೇಳಿದ.

"ಗಾಡಿ ಅವರದಲ್ರಿ, ನಂದು," ಎಂದಳು ನೀಲಾ.

"ಹಂಗೇನ್ರಿ?" ಎಂದವನು ಮತ್ತೆ ಧರ್ಮರಾಜನ ಕಡೆಗೇ ತಿರುಗಿ, "ಮೇಡಂಗ ಹೇಳ್ರಿ, ನಮ್ಮ ಬಿಸಲಿಗೆ ದಪ್ಪ ಎಣ್ಣಿನ ಬೇಕ್ರಿ. ತೆಳ್ಳಂದು ನಡಿಯಂಗಿಲ್ಲ," ಎಂದ.

ಧರ್ಮರಾಜ ನಕ್ಕ. ಅವನದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ನಗು. ನೀಲಾ ಆ ಅಂಗಡಿಯ ಮೆಟ್ಟಿಲಿಳಿದು, ಬೇರೊಂದರಲ್ಲಿ ತನ್ನ ಎಣ್ಣೆಯ ಡಬ್ಬಿ ಕೊಂಡು ಡಿಕ್ಕಿಯಲ್ಲಿಟ್ಟಳು. ಹೊತ್ತು ಬಂದಾಗ ಶೋರೂಮಿಗೆ ಒಯ್ದು ಕಣ್ಣೆದುರಿಗೇ ಹಾಕಿಸಬೇಕು ಎಂಬುದು ಆಕೆಯ ಲೆಕ್ಕ.

ಅಷ್ಟರಲ್ಲಿ ದಸರೆಯ ಖಂಡೇಪೂಜೆ ಬಂತು, ಆಯುಧಪೂಜೆಯ ದಿನ.

ಬಬಲೇಶ್ವರದ ಹತ್ತಿರದ ಅತ್ತೆಯ ಮನೆಯಲ್ಲಿ ಖಂಡೇಪೂಜೆಗೆ ಒಂದು ಪದ್ಧತಿ. ಹಬ್ಬದ ಬೆಳಿಗ್ಗೆ ಮನೆಯ ಯಂತ್ರಗಳೆಲ್ಲ ಹೊಸ ಎಣ್ಣೆ ಕುಡಿಯಬೇಕು. ಟ್ರ್ಯಾಕ್ಟರು, ಔಷಧ ಹೊಡೆಯುವ ಪಂಪು, ಮೋಟರ್ ಸೈಕಲ್ಲು, ಎಲ್ಲಕ್ಕೂ ಒಂದೇ ಡಬ್ಬಿ. ಹಾಕುವವನು ಹಿರಿಯ ಮಗ ರಾಜಾರಾಮ. ಎಣ್ಣೆ ಕುಡಿದ ಯಂತ್ರಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ಪೂಜೆ ಮುಗಿದ ಮೇಲೆಯೇ ಮೊದಲ ಸಲ ಸುರು ಮಾಡಬೇಕು. ಪೂಜೆಯಾದ ಬೋಲ್ಟು ಬಿಚ್ಚುವ ಪಾನಾ, ಸುತ್ತಿಗೆ, ಕುಡಗೋಲುಗಳನ್ನು ಮಾತ್ರ ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅವಕ್ಕೆ ಆ ದಿನ ನಿದ್ದೆ.

ನೀಲಾ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದಳು. ಪೂಜೆಯ ಕಾಯಿ ಒಡೆದ ಸಪ್ಪಳ ಕೇಳಿ, ಕೈ ತೊಳೆದುಕೊಂಡು ಅಂಗಳಕ್ಕೆ ಬಂದಳು. ಕಾರಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಮುಂದಿನ ಗಾಲಿಗಳು ಎರಡು ದಪ್ಪ ಹಲಗೆ ಹತ್ತಿ ನಿಂತಿದ್ದವು, ಅವುಗಳ ಮುಂದೆ ನಿಂಬೆಹಣ್ಣು. ಸಿದ್ಧೇಶ್ವರ ಗುಡಿಗೆ ಹೊಸ ಕಾರಿನಲ್ಲೇ ಹೋಗಬೇಕೆಂದು ಅತ್ತೆ ಹುಲಿಗೆವ್ವ ಆಗಲೇ ಒಳಗೆ ಏರಿ ಕೂತಿದ್ದಳು. ರಾಜಾರಾಮ ಎತ್ತಿನ ಚಕ್ಕಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೋಳಿಗರಿಯಿಂದ ಅದರ ಅಚ್ಚಿಗೆ ಎಣ್ಣೆ ಸವರುತ್ತಿದ್ದ. ಪಕ್ಕದ ಬೋಗುಣಿಯಲ್ಲಿದ್ದ ಎಣ್ಣೆ ಜೇನಿನ ಬಣ್ಣದ್ದು, ತನ್ನ ಕಾರಿನ ಎಣ್ಣೆಯಂತೆ ತೆಳ್ಳನೆಯದು.

ನೀಲಾ ಬಗ್ಗಿ ನೋಡಿದಳು. "ಯಾವ ಎಣ್ಣಿರೀ ಭಾವಾರ ಅದು?"

"ನಿನ್ನ ಗಾಡೀದ ತಂಗಿ. ಚೆಲ್ಲೂದ್ಯಾಕಂತ ಅಚ್ಚಿಗೆ ಹಚ್ಚಾಕತ್ತೇನಿ." ರಾಜಾರಾಮ ಹೆಮ್ಮೆಯಿಂದ ತಲೆ ಎತ್ತಿದ. "ನಿನ್ನ ಗಾಡಿಗೆ ಟ್ರ್ಯಾಕ್ಟರ್ ಎಣ್ಣಿ ಹಾಕೇನಿ. ಗಟ್ಟಿ ಮಾಲು! ಇನ್ನ ಹತ್ತು ವರ್ಷ ಇಂಜಿನ್ನಿನ ಕಡೆ ನೋಡಬ್ಯಾಡ."

"ಸುರು ಮಾಡೀರೇನು?"

"ಪೂಜಿ ಆಗದ ಹೆಂಗ ಸುರು ಮಾಡ್ಲಿ? ಈಗ ಧರ್ಮ ಮಾಡ್ತಾನ."

"ಕೀಲಿ ಯಾರ ಕೊಟ್ರು?"

ರಾಜಾರಾಮ ಗದ್ದದಿಂದ ತಮ್ಮನ ಕಡೆ ತೋರಿಸಿದ. ಧರ್ಮರಾಜ ಒಡೆದ ಕಾಯಿಯ ಹೋಳು ಹಿಡಿದು, ಅದರಲ್ಲೇ ಏನೋ ಬರೆದಿದೆ ಎಂಬಂತೆ ನೋಡುತ್ತ ನಿಂತಿದ್ದ.

ಆಕೆಗೆ ಹೇಸಿಗೆಯಾಯಿತು. ಆಡುಮರಿಗೆ ಎಮ್ಮೆಯ ಡೋಸು ಹಾಕಿ, ಮೇಲೆ ಹಾರ ಹಾಕಿ ಕುಣಿಯುವ ಮಂದಿ! ಒಮ್ಮೆ ಸುರು ಮಾಡಿದ ಮಾತ್ರಕ್ಕೆ ಇಂಜಿನ್ನು ಸತ್ತು ಹೋಗುತ್ತಿರಲಿಲ್ಲ, ಅದು ನೀಲಾಗೂ ಗೊತ್ತು. ಆದರೆ ಈ ಅಂಗಳದಲ್ಲಿ ಇವತ್ತು ಕೀಲಿ ತಿರುಗಿದರೆ, ಮುಂದೆ ತನ್ನ ಗಾಡಿಯ ಬಗ್ಗೆ ತಾನು ಆಡುವ ಮಾತು ಮೂರು ಕಾಸಿನದ್ದಾಗುತ್ತದೆ ಎಂಬುದೂ ಗೊತ್ತು.

"ಅತ್ತಿ, ಕೆಳಗ ಇಳೀರಿ."

"ಯಾಕಬೇ? ಗುಡಿಗೆ ಹೊತ್ತಾಕೈತಿ."

"ಇಳೀರಿ."

ಹುಲಿಗೆವ್ವ ಗೊಣಗುತ್ತ ಇಳಿದಳು. ನೀಲಾ ಸೀದಾ ಪೂಜೆಯ ಮಣೆಯ ಹತ್ತಿರ ಹೋಗಿ, ಹೂವು ಸರಿಸಿ, ಕುಂಕುಮ ಹಚ್ಚಿದ ಪಾನಾ ಎತ್ತಿಕೊಂಡಳು. ಅಂಗಳದಲ್ಲಿದ್ದವರೆಲ್ಲ ಹೋ ಎಂದರು. ನೆಂಟರ ಹೆಂಗಸೊಬ್ಬಳು ಕೆನ್ನೆ ಕೆನ್ನೆ ಬಡಿದುಕೊಂಡಳು.

"ಅಯ್ಯ ಯವ್ವಾ, ಮುಟ್ಟಬ್ಯಾಡಬೇ! ಪೂಜಿ ಆಗೈತಿ!" ಹುಲಿಗೆವ್ವ ಕೂಗಿದಳು.

"ಹ್ವಾದ ವರ್ಷ ಇದ ದಿನ ನಿಮ್ಮ ಎಮ್ಮಿಗೆ ಕರು ಸಿಕ್ಕಿತ್ತು, ನೆನಪೈತ್ರಿ ಅತ್ತಿ? ಇದ ಮಣಿ ಮ್ಯಾಲಿನ ನನ್ನ ಕತ್ತರಿ, ಹಗ್ಗ ನೀವ ಎತ್ತಿ ನನ್ನ ಕೈಯಾಗ ಕೊಟ್ರಿ. ಅವತ್ತ ದೇವರು ಸಿಟ್ಟಿಗೆದ್ದನ್ರಿ?"

ಹುಲಿಗೆವ್ವ ಕೊಟ್ಟಿಗೆಯ ಕಡೆ ತಿರುಗಿ ನೋಡಿದಳು. ಆ ಎಮ್ಮೆ ಅಲ್ಲೇ ಮೇವಿನ ಗೋದಲಿಯ ಮುಂದೆ ಮೆಲುಕು ಹಾಕುತ್ತ ನಿಂತಿತ್ತು.

ನೀಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಣಿಚೀಲ ಹಾಸಿ, ಹಬ್ಬದ ಇಳಕಲ್ ಸೀರೆಯಲ್ಲೇ ಕಾರಿನ ಕೆಳಗೆ ತೆವಳಿದಳು. ತಳದ ಬೋಲ್ಟು ಬಿಚ್ಚುವುದನ್ನು ಸರ್ವಿಸಿನಲ್ಲಿ ನಿಂತು ನೋಡಿದ್ದಳು, ಮಾಡಿದ್ದು ಇದೇ ಮೊದಲು. ದಪ್ಪ ಎಣ್ಣೆ ಇಳಿಯಲೊಲ್ಲದು. ಮುಂಗೈಯಿಂದ ಮೊಳಕೈವರೆಗೆ ಜಿಗಟಾಗಿ ಹರಿಯಿತು. ಪೂರ್ತಿ ಬಸಿಯುವವರೆಗೆ ಕಾದು, ಬೋಲ್ಟು ಬಿಗಿದು ಹೊರಬಂದಳು. ಪೂಜೆಯ ಮಣೆಯ ಮೇಲಿದ್ದ ಕಾರಿನ ಕೀಲಿ ತೆಗೆದುಕೊಂಡು, ಡಿಕ್ಕಿಯಿಂದ ತನ್ನ ಡಬ್ಬಿ ತೆಗೆದು ಸುರುವಿ, ಕಡ್ಡಿ ಎದ್ದಿ ಮಟ್ಟ ನೋಡಿದಳು. ಉಳಿದ ಜಿಡ್ಡಿನ ಮಾತು ನಾಳೆ ಶೋರೂಮಿನವರ ಹತ್ತಿರ.

ರಾಜಾರಾಮನ ಮುಖ ಬಾಡಿತ್ತು. "ನಾ ಒಳ್ಳೇದಕ್ಕ ಮಾಡಿದ್ದಬೇ. ಇನ್ನ ಮ್ಯಾಲ ನಿನ್ನ ಗಾಡಿ ಮುಟ್ಟಿದ್ರ ಕೇಳು!"

"ಅಷ್ಟ ಸಾಕ್ರಿ ಭಾವಾರ."

ಅವನಿಗೆ ಅದು ಶಾಪ, ಆಕೆಗೆ ವರ. ಹಾಗಿದ್ದೂ ಅವನ ಮೇಲಿನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ತಿಳಿಯದಿದ್ದರೂ ಅವನು ಬೆಳಿಗ್ಗೆಯಿಂದ ಮಣ್ಣಲ್ಲಿ ಬಿದ್ದು ದುಡಿದಿದ್ದ. ಹುಲಿಗೆವ್ವ ಬಂದು, ಮುಂದಿನ ಬಾಗಿಲು ತೆಗೆದು, ಚಾಲಕನ ಪಕ್ಕದ ಸೀಟಿನಲ್ಲಿ ಕೂತಳು.

ಆಗ ಧರ್ಮರಾಜ ಮುಂದೆ ಬಂದ. ಟಿಕೋಟಾಕ್ಕೆ, ಕನಮಡಿಗೆ ಕಾರು ಓಡಿಸುವವಳು ನೀಲಾ. ಮನೆಯವರೆಲ್ಲ ಹೊರಟಾಗ ಮಾತ್ರ ಅದು ಅವನ ಕೈಗೆ ಹೋಗುತ್ತಿತ್ತು. ಅದೇ ರೂಢಿಯಂತೆ ನಗುತ್ತ, ಕೀಲಿಗಾಗಿ ಕೈ ಚಾಚಿದ.

ನೀಲಾ ಆ ಕೈ ನೋಡಿದಳು. ರಾಜಾರಾಮನ ಕೈಗೆ ಎಣ್ಣೆ ಮೆತ್ತಿತ್ತು, ತನ್ನ ಕೈ ಮೊಳಕೈವರೆಗೆ ಜಿಡ್ಡಾಗಿತ್ತು. ಅವರಿಗೆ ಕೀಲಿ ಕೊಟ್ಟ ಈ ಕೈಗೆ ಮಾತ್ರ ಒಂದು ಹನಿಯೂ ತಾಗಿರಲಿಲ್ಲ. ಇಷ್ಟು ದಿನ ತಾನು ಹೇಸಿದ ಬೆರಳುಗಳಲ್ಲಿ ಯಾವುದೂ ಇಷ್ಟು ಹೊಲಸಾಗಿರಲಿಲ್ಲ ಎನ್ನಿಸಿತು ಆಕೆಗೆ.

"ಹಿಂದ ಕೂಡ್ರಿ," ಎಂದು, ಎಣ್ಣೆಯ ಕೈಯಲ್ಲೇ ಸ್ಟೇರಿಂಗ್ ಹಿಡಿದು ಕಾರು ಸುರು ಮಾಡಿದಳು.