ಬದುಕಿದ್ದ ಅಪ್ಪನ ಸೂತಕದ ರಜೆ

ದುರುಗಪ್ಪನ ತಲೆಯ ಒಳಗಿದ್ದುದಕ್ಕಿಂತ ಮೇಲಿದ್ದುದಕ್ಕೇ ಹೆಚ್ಚು ಬೆಲೆ. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟು. ನಿಮಿಷಕ್ಕೆ ಮೂವತ್ತು ಪದ, ಅದರಲ್ಲಿ ಹತ್ತು ತಪ್ಪು. ತಪ್ಪಿಲ್ಲದ್ದು ಕ್ರಾಪೊಂದೇ.

ಅವನಪ್ಪ ಪಂಪಣ್ಣ ಗಂಗಾವತಿ ಕಡೆಯ ಕಾಲುವೆಯಲ್ಲಿ ನೀರುಗಂಟಿ. ಮೂವತ್ತು ವರ್ಷ ಬೀಡಿ ಕಚ್ಚಿಕೊಂಡೇ ಗದ್ದೆಗಳಿಗೆ ನೀರು ಹಾಯಿಸಿದ. ಎಂಬತ್ಮೂರನೇ ಇಸವಿಯಲ್ಲಿ ಕೆಮ್ಮಿನ ಜೊತೆ ರಕ್ತ ಬಂತು. ಹುಬ್ಬಳ್ಳಿಯ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಎಂದರು.

"ಭಾಳ ಜಲ್ದಿ ಬೆಳೆಯೋ ಜಾತಿ ಇದು. ಆಪರೇಷನ್ ನಡೆಯೂದಿಲ್ಲ. ಮೂರು ಔಷಧ ಕೂಡಿಸಿ ನರಕ್ಕ ಕೊಡತೀವಿ. ಮೂರು ವಾರಕ್ಕೊಮ್ಮೆ, ಆರು ಸಲ. ಕರಗಿದಂಗ ಕಂಡ್ರೂ ನಡುವ ಬಿಡಬ್ಯಾಡ್ರಿ."

ತಾಯಿ ಮಾರೆವ್ವ ಅಂದೇ ಅಂಜನಾದ್ರಿಯ ಹನುಮಪ್ಪನಿಗೆ ಗಂಡನ ಮುಡಿ ಹರಕೆ ಹೊತ್ತಳು.

ಎರಡು ಸಲಕ್ಕೇ ಎಕ್ಸ್‌ರೇ ತಿಳಿಯಾಯಿತು. ಪಂಪಣ್ಣ ಮತ್ತೆ ರೊಟ್ಟಿ ಮುರಿದ. ಆದರೆ ಹರಕೆ ತೀರಿಸಲು ಹೊರಟಾಗ ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಔಷಧ ಅಷ್ಟನ್ನೂ ಉದುರಿಸಿತ್ತು. ಮಾರೆವ್ವ ಮಗನ ಕ್ರಾಪಿನ ಕಡೆ ನೋಡಿದಳು.

"ಯವ್ವಾ, ಮುಂದಿನ ತಿಂಗಳ ಹೆಣ್ಣು ನೋಡಾಕ ಹೋಗೂದೈತಿ!"

"ಕೂದಲಾ ಮತ್ತ ಬರತಾವು. ನಿಮ್ಮಪ್ಪ ಮತ್ತ ಬರತಾನೇನು? ಕುಂದ್ರು."

ಸೋಮವಾರ ಕಚೇರಿಗೆ ಬೋಳು ತಲೆಯಲ್ಲಿ ಬಂದವನನ್ನು ಕಂಡು ಹೆಡ್ ಕ್ಲಾರ್ಕ್ ಈಶಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

"ನಿಮ್ಮಪ್ಪಾರು ಹೋಗಿಬಿಟ್ರೇನಪಾ? ಛೇ! ಒಂದು ಮಾತು ಹೇಳಿ ಕಳಸಬಾರದಿತ್ತೇನು? ದಿನಕರ್ಮ ಮುಗಿಸ್ಕೊಂಡು ಬಾ. ಹದಿನೈದು ದಿನ ಹಾಜರಿ ನಾ ನೋಡ್ಕೋತೀನಿ."

ಅಷ್ಟು ದೊಡ್ಡವರು ಎದ್ದು ನಿಂತಿದ್ದಾರೆ. ಇಲ್ಲ ಅನ್ನಲು ಇವನಿಗೆ ನಾಚಿಕೆ. ಹದಿನೈದು ದಿನದ ಆಸೆಯೂ ಇತ್ತೆನ್ನಿ. "ಹೂಂರಿ" ಎಂದ.

ಮೂರನೆಯ ಸಲದ ಔಷಧದ ದಿನ ಬಂದದ್ದು ಆ ರಜೆ ಮುಗಿದ ಮೇಲೆ. ಮಾರೆವ್ವ ಕೊಪ್ಪಳ ದಾಟಿದವಳಲ್ಲ. ಹುಬ್ಬಳ್ಳಿಗೆ ಕರೆದೊಯ್ಯಬೇಕಾದವನು ಇವನೇ. ಸತ್ತ ತಂದೆಗೆ ಔಷಧ ಕೊಡಿಸಲು ರಜೆ ಕೇಳುವುದು ಹೇಗೆ? ನಿಜ ಹೇಳಿದರೆ ಕೆಲಸ ಹೋದೀತು. ಅರ್ಜಿಯನ್ನು ಎರಡು ಸಲ ಟೈಪು ಮಾಡಿ ಹರಿದುಹಾಕಿದ.

"ಮುಂದಿನ ವಾರ ಹೋಗೂಣಪ್ಪ. ಈಗ ಆರಾಮ ಅದೀಯಲ್ಲ."

ಅಂಥ ವಾರಗಳು ಒಂಬತ್ತಾದವು. ಹತ್ತನೆಯದರಲ್ಲಿ ಕೆಮ್ಮು ಮರಳಿತು, ಪಂಪಣ್ಣನ ಮುಖ ಊದಿತು. ದುರುಗಪ್ಪ ಹೆಡ್ ಕ್ಲಾರ್ಕರ ಮೇಜಿನ ಮುಂದೆ ಹೋಗಿ ನಿಂತ.

"ನಮ್ಮಪ್ಪ ಇನ್ನೂ ಅದಾನ್ರಿ."

ಈಶಪ್ಪನವರು ಹಾಜರಿ ಪುಸ್ತಕ ಮುಚ್ಚಿದರು. ಬೈಯಲಿಲ್ಲ. "ಮತ್ತ ಇಲ್ಯಾಕ ನಿಂತೀದಿ?" ಎಂದರು.

ಹುಬ್ಬಳ್ಳಿಯಲ್ಲಿ ಡಾಕ್ಟರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಕೊಟ್ಟು ನೋಡತೀವಿ. ಮೊದಲಿನಂಗ ಕರಗೂದು ಕಷ್ಟ. ಯಾಕ ನಡುವ ಬಿಟ್ರಿ?"

ಮಂಚದ ಮೇಲಿಂದ ಪಂಪಣ್ಣನೇ ಉಸಿರು ಕೂಡಿಸಿಕೊಂಡು ಹೇಳಿದ:

"ಅವಂದೇನ್ ತಪ್ಪಿಲ್ರಿ ಸಾಹೇಬ್ರ. ಸರಕಾರಿ ಕೆಲಸ... ರಜಾ ಕೊಡೂದಿಲ್ರಿ, ಪಾಪ."