ಹೆಜ್ಜಾರ್ಲೆ ಮರಿಯ ದನಿ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಕೆಳಗೆ, ಗೂಡಿನಿಂದ ಜಾರುವ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಯ ಮರಿಗಳು ನೆಲಕ್ಕೆ ಬೀಳದಂತೆ ಬಲೆ ಕಟ್ಟುತ್ತಿದ್ದೆವು. ಮಂಡ್ಯದಿಂದ ಬಂದ ಸ್ವಯಂಸೇವಕರಲ್ಲಿ ಕೈ ಕಡಿಮೆ, ಬಾಯಿ ಜಾಸ್ತಿ ಆಡಿಸುತ್ತಿದ್ದವನು ನಾನು. ನಮ್ಮನ್ನು ಕರೆತಂದು ತಾವೂ ಹಗ್ಗ ಎಳೆಯುತ್ತಿದ್ದ ಮೇಷ್ಟ್ರ ಏದುಸಿರಿನವರೆಗೆ ಎಲ್ಲರನ್ನೂ ಅಣಕಿಸಿ ಮುಗಿದಿತ್ತು. ಉಳಿದದ್ದು ಮರಿಗಳು. ಹುಲ್ಲಿನ ಮೆದೆಯ ಹಿಂದೆ ಅಡಗಿ, ಹಸಿದ ಮರಿಯಂತೆ ಕಿರುಚಿದೆ.

ಮರದ ಒಡತಿ ನಿಂಗಮ್ಮಜ್ಜಿ ಮೀನಿನ ಬಕೆಟ್ಟು ಹಿಡಿದು ಓಡಿಬಂದರು.

"ಬಲೆ ಬುಡ್ರಲಾ, ಮರಿ ಬಿದ್ದೋಗದೆ! ನಿನ್ನೆ ಒಂದ್ನ ನಾಯಿ ಕಚ್ಕೊಂಡೋಯ್ತು. ಬ್ಯಾಗ ಉಡುಕ್ರಲಾ!"

ಈ ಊರಿನವರಿಗೆ ಹಕ್ಕಿಗಳೆಂದರೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಅಜ್ಜಿ ಮೊಮ್ಮಗು ಕಳೆದುಕೊಂಡವರಂತೆ ಮಂಡಿಯೂರಿ, ಬೇಲಿಯ ಸಂದಿಯಲ್ಲೆಲ್ಲ ಕೈಹಾಕಿ ತಡಕಿದರು. ಮುಳ್ಳು ಗೀರಿ ಅವರ ಕೈಯಲ್ಲಿ ರಕ್ತ ಬಂದದ್ದು ಕಂಡಾಗ ಕಿರುಚುವುದನ್ನು ನಿಲ್ಲಿಸಿದೆ. ಪೆಚ್ಚಾಗಿ ಹಲ್ಲು ಕಿರಿಯುತ್ತ ಹೊರಬಂದೆ.

"ಅಜ್ಜಿ, ಕೂಗಿದ್ದು ನಾನೇ. ತಮಾಷೆಗೆ."

ಮೇಷ್ಟ್ರು ಹಗ್ಗ ಬಿಟ್ಟು ನನ್ನತ್ತ ಬಂದರು. ಅಜ್ಜಿ ಕೈಯೆತ್ತಿ ಅವರನ್ನು ತಡೆದರು. ಬಕೆಟ್ಟಿನಿಂದ ಹಸಿ ಮೀನೊಂದನ್ನು ಬಾಲ ಹಿಡಿದು ಎತ್ತಿ, ನನ್ನ ಮೂಗಿನ ಮುಂದೆ ತೂಗಾಡಿಸಿದರು.

"ಅಸ್ಕೊಂಡು ಕೂಗ್ದೋನು ನೀನೇ ಅಂದ್ಮ್ಯಾಕೆ, ಬಾಯ್ ತಗಿಲಾ!"