ಲಾವಾನಳ ಕನ್ವರ್ಟರ್

ಮೊದಲು ಎಂಜಿನ್ ಅರಚಿತು. ಎರಡು ಉಸಿರಿನಷ್ಟು ಹೊತ್ತಾದ ಮೇಲೆ ಗಾಡಿ ಕದಲಿತು. ಕಾರ್ಖಾನೆಯ ಹಳೆಯ ಗೇಟಿನಿಂದ ಕಾರ್ಮಿಕ ಸಂಘದ ಕಟ್ಟಡಕ್ಕೆ ಏರುವ ದಿಬ್ಬದ ಮಧ್ಯೆ ಲಾವಾನ್ ಟ್ಯಾಕೆಟ್ ಮತ್ತೆ ಬ್ರೇಕ್ ಒತ್ತಿ ನಿಲ್ಲಿಸಿ, ಮತ್ತೆ ಆಕ್ಸಿಲರೇಟರ್ ಮೆಟ್ಟಿ ನೋಡಿದಳು. ಅದೇ ಅರಚಾಟ, ಅದೇ ತಡ. ಕಾಲ ಕೆಳಗಿನಿಂದ ಕಾದ ಎಣ್ಣೆಯ ವಾಸನೆ ಬಂದಾಗ ಗಾಡಿ ತಿರುಗಿಸಿ ನೇರವಾಗಿ ಮರ್ಲ್ ಹೋಬಾರ್ಟ್‌ನ ಗ್ಯಾರೇಜಿಗೆ ಹೋದಳು.

ಓಹಾಯೋ ನದಿಯ ದಡದ ಆ ಊರಿನಲ್ಲಿ ಅವಳು ಮೂವತ್ತನಾಲ್ಕು ವರ್ಷ ಪ್ರೆಸ್ ಯಂತ್ರದ ಮುಂದೆ ನಿಂತು ಕಾರಿನ ಬಾಗಿಲುಗಳನ್ನು ಒತ್ತಿದವಳು. ಎಪ್ಪತ್ತರ ಇಸವಿಯ ಶೆವೆಲ್ ಕಾರನ್ನು ಇಪ್ಪತ್ತೊಂದರ ವಯಸ್ಸಿನಲ್ಲಿ ಕೊಂಡಿದ್ದಳು. ಅಲ್ಲಿಂದ ಅದರ ಸ್ಟಿಯರಿಂಗ್ ಬೇರೆಯವರ ಕೈ ಕಂಡಿರಲಿಲ್ಲ. ಎರಡು ವರ್ಷದ ಹಿಂದೆ ಎಡಮೊಣಕಾಲಿನ ಆಪರೇಷನ್ ಆಯಿತು. ಕಾಲು ಮಡಚುವುದನ್ನು ಮರೆಯಿತು. ಕ್ಲಚ್ ಒತ್ತುವುದು ಮುಗಿದ ಮಾತಾಯಿತು. ಕಾರ್ಮಿಕರ ದಿನದಂದು ನಿವೃತ್ತರ ಹಳೆಯ ಕಾರುಗಳು ಬ್ಯಾಂಡಿನ ಹಿಂದೆ ನಡಿಗೆಯ ವೇಗದಲ್ಲಿ ಆ ದಿಬ್ಬ ಹತ್ತುತ್ತವೆ. ಎರಡು ವರ್ಷವೂ ಮರ್ಲ್ ಅವಳ ಕಾರು ಓಡಿಸಿದ. ಅವಳು ಪಕ್ಕದಲ್ಲಿ ಕುಳಿತು ಅತಿಥಿಯ ಹಾಗೆ ಕೈ ಬೀಸಿದಳು. ಮೂರನೆಯ ಸಲ ಹಾಗೆ ಕೈ ಬೀಸಲು ಅವಳಿಗೆ ಮನಸ್ಸಿರಲಿಲ್ಲ. ಈ ವರ್ಷ ಮರ್ಲ್‌ನ ಕೈಲೇ ಸವೆದ ಎಂಜಿನ್ ತೆಗೆಸಿ ಟ್ರಕ್ಕಿನ ದೊಡ್ಡ ಎಂಜಿನ್ ಕೂರಿಸಿದಳು, ಜೊತೆಗೆ ಕ್ಲಚ್ ಬೇಡದ ಗೇರ್‌ಬಾಕ್ಸ್.

ಇವೆರಡರ ನಡುವೆ ಕೂರುವುದು ಕನ್ವರ್ಟರ್ — ಎಣ್ಣೆ ತುಂಬಿದ, ಕುಂಬಳಕಾಯಿಯಂಥ ಕಬ್ಬಿಣದ ಬುಂಡೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ ಆ ಎಣ್ಣೆ ಗಾಡಿಯನ್ನು ಗಟ್ಟಿಯಾಗಿ ತಳ್ಳಬೇಕು ಎಂಬುದು ಬುಂಡೆ ಕಟ್ಟುವಾಗಲೇ ತೀರ್ಮಾನವಾಗಬೇಕು. ಅದಕ್ಕೆ ಗಾಡಿಯ ತೂಕ, ಗೇರು, ಬಳಕೆ ಬರೆದು ಬುಂಡೆ ಕಟ್ಟುವವನಿಗೆ ಕಳಿಸುವ ಫಾರಂ ಇದೆ. ಆ ಸೀಮೆಯ ಗಂಡಸರು ತೆರಿಗೆಯ ಫಾರಂನಲ್ಲಿ ಹೇಳದ ಸುಳ್ಳನ್ನೂ ಈ ಫಾರಂನಲ್ಲಿ ಹೇಳುತ್ತಾರೆ.

"ಎಷ್ಟು ಸುತ್ತಿಂದು ಹಾಕಿದೀಯ?" ಲಾವಾನ್ ಕೇಳಿದಳು.

"ಮೂರೂವರೆ ಸಾವಿರ," ಎಂದ ಮರ್ಲ್, ಎದೆಯುಬ್ಬಿಸಿ. "ರೇಸ್ ಟ್ರ್ಯಾಕ್ ಮೇಲೆ ಬಿಟ್ರೆ ಬಾಣ ಕಣೆ."

"ನಾನು ಯಾವತ್ತಯ್ಯ ರೇಸಿಗೆ ಹೋಗಿದ್ದೆ?"

ಪ್ರೆಸ್ ಸಾಲಿನಲ್ಲಿ ಅವಳ ಪಕ್ಕ ದುಡಿದಿದ್ದ ಕ್ಲೀಟಸ್ ದಿನವೂ ಅಲ್ಲಿ ಹಳೆಯ ಟೈರಿನ ಮೇಲೆ ಕಾಫಿ ಹಿಡಿದು ಕೂರುತ್ತಿದ್ದ. "ಮರ್ಲೂ ಹೋಗಿಲ್ಲ ಬಿಡು. ಅವನ ಬಾಯಿ ಮಾತ್ರ ದಿನಾ ಹೋಗಿ ಬರುತ್ತೆ," ಎಂದ.

ಲಾವಾನ್ ಫಾರಂ ತರಿಸಿ ಓದಿದಳು. ತೂಕ ಮೂರು ಸಾವಿರದ ಮುನ್ನೂರು ಪೌಂಡ್. ಹಿಂದಿನ ಚಕ್ರಗಳ ಗೇರು ರೇಸಿನದು. ಬಳಕೆ: ರಸ್ತೆ ಮತ್ತು ರೇಸ್.

"ಇದು ಯಾರ ಗಾಡಿ ಜಾತಕ?"

"ಎಲ್ಲರೂ ಹೀಗೇ ಬರೆಯೋದು, ಲಾವಾನ್. ಮುಂದೆ ಒಂದಿನ ಆ ಗೇರು ಹಾಕಿಸ್ತೀವಲ್ಲ ಅಂತ."

"ಬಿಚ್ಚು."

"ಮೆರವಣಿಗೆಗೆ ಮೂರೇ ವಾರ ಇದೆ. ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು. ಈ ಸಲಾನೂ ನಾನೇ ಓಡಿಸ್ತೀನಿ, ನನಗೆ ಇದರ ಬುದ್ಧಿ ಗೊತ್ತು."

"ಅದಕ್ಕೇ ಹೇಳ್ತಿರೋದು. ಬಿಚ್ಚು, ಮರ್ಲ್."

ಬಿಚ್ಚುವ ಮೊದಲು ಅವಳು ಅಳತೆಗೆ ನಿಂತಳು. ಹಿಂದಿನ ಚಕ್ರಗಳನ್ನು ಎತ್ತಿಸಿ, ಟೈರಿಗೂ ಅದನ್ನು ತಿರುಗಿಸುವ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆದು, ಎರಡೂ ಚಕ್ರ ಒಟ್ಟಿಗೆ ತಿರುಗಿಸಿ ಎಣಿಸಿದಳು. ಚಕ್ರ ಒಂದು ಸುತ್ತು ಬಂದರೆ ಶಾಫ್ಟ್ ಮೂರು ಸುತ್ತು, ಮೇಲೆ ಚೂರೇ ಚೂರು. ರೇಸಿನದಲ್ಲ, ನಿಧಾನಸ್ಥ ಮನೆಗಾಡಿಯ ಗೇರು. ಆಮೇಲೆ ಜೋಳದ ಲಾರಿಗಳನ್ನು ತೂಗುವ ಕಟ್ಟೆಗೆ ಗಾಡಿ ಒಯ್ದಳು.

"ಇಳಿಯಮ್ಮ, ಗಾಡಿ ತೂಗಬೇಕು," ಎಂದ ಕ್ಲೀಟಸ್.

"ನಾನಿಲ್ಲದೆ ಅದು ಓಡುತ್ತಾ?"

ಮೂರು ಸಾವಿರದ ಒಂಬೈನೂರ ನಲವತ್ತು ಪೌಂಡ್. ಕ್ಲೀಟಸ್ ಅವಳತ್ತ ನೋಡಿ ಏನೋ ಹೇಳಹೊರಟವನು ಕಾಫಿ ಕುಡಿದ.

ಬುಂಡೆ ಕಟ್ಟುವ ಗುಂಥರ್ ಇದ್ದದ್ದು ಪಕ್ಕದ ರಾಜ್ಯದಲ್ಲಿ. ಫೋನಿನಲ್ಲಿ ಮುದುಕನ ದನಿ ಬೇಸತ್ತಿತ್ತು. "ಹೇಳಿ ಮೇಡಂ. ಎಲ್ಲರ ಹಾಗೆ ರೇಸಾ?"

"ಮೆರವಣಿಗೆ," ಎಂದಳು ಲಾವಾನ್. "ಬ್ಯಾಂಡಿನವರ ಹಿಂದೆ, ದಿಬ್ಬದಲ್ಲಿ, ನಿಂತು ನಿಂತು ಹೋಗಬೇಕು. ಉಳಿದ ದಿನ ದಿನಸಿ ಅಂಗಡಿ. ಭಾನುವಾರ ನದಿ ದಾರೀಲಿ ನಲವತ್ತು ಮೈಲಿ." ಗೇರು ಹೇಳಿದಳು, ತೂಕ ಹೇಳಿದಳು. ಎಂಜಿನ್ ಟ್ರಕ್ಕಿನದು, ಒಳಗೆ ಏನೂ ಬದಲಿಸಿಲ್ಲ ಎಂದಳು. "ನನ್ನ ಎಡಗಾಲು ಮಡಚಲ್ಲ. ಬಲಗಾಲಿಗೆ ವಯಸ್ಸು ಅರವತ್ತಾರು. ಅದನ್ನೂ ಬರ್ಕೊಳ್ಳಿ."

ಆ ಕಡೆ ಪೆನ್ನು ಗೀಚುವ ಸದ್ದು. "ನಿಮ್ಮ ತೂಕ ಸೇರಿಸಿದೀರಾ?"

"ಸೇರಿಸಿದೀನಿ."

"ಮೂವತ್ತು ವರ್ಷದಲ್ಲಿ ಯಾರೂ ಸೇರಿಸಿದ್ದಿಲ್ಲ," ಎಂದ ಗುಂಥರ್. ದನಿ ಈಗ ಎಚ್ಚೆತ್ತಿತ್ತು. "ಎರಡು ಸಾವಿರದ ಇನ್ನೂರು ಸುತ್ತಿಂದು ಕಟ್ತೀನಿ. ಜೊತೆಗೆ ಎಣ್ಣೆ ತಣಿಸೋ ರೇಡಿಯೇಟರ್ ಒಂದು ಮುಂದೆ ಹಾಕಿಸಿ. ಹೆದರಬೇಡಿ, ದಿಬ್ಬದಲ್ಲಿ ಜಾರಲ್ಲ."

ಎರಡು ಸಾವಿರದ ಇನ್ನೂರು ಎಂದರೆ ಮರ್ಲ್‌ಗೆ ಅವಮಾನ. ಅಷ್ಟು ಸಣ್ಣ ಸಂಖ್ಯೆಯನ್ನು ನಾಲ್ಕು ಜನರ ಮುಂದೆ ಹೇಳುವುದು ಹೇಗೆಂದು ಗೊಣಗುತ್ತಲೇ ಅದನ್ನು ಜೋಡಿಸಿದ. ಆದರೆ ಬೋಲ್ಟುಗಳನ್ನು ಶ್ರದ್ಧೆಯಿಂದ, ಎದುರುಬದುರಾಗಿ ಬಿಗಿದ. ಅವನ ಕೈಗೆ ಸುಳ್ಳು ಬರುತ್ತಿರಲಿಲ್ಲ. ಲಾವಾನ್ ಒಬ್ಬಳೇ ದಿಬ್ಬಕ್ಕೆ ಹೋಗಿ ಬಂದಳು. ಹನ್ನೊಂದು ಸಲ ನಿಲ್ಲಿಸಿ ಹೊರಟಿದ್ದಳು. ಹನ್ನೊಂದು ಸಲವೂ ಕಾಲು ಹೇಳಿದ ಕೂಡಲೇ ಗಾಡಿ ಕೇಳಿತ್ತು.

ಕಾರ್ಮಿಕರ ದಿನದ ಬೆಳಿಗ್ಗೆ ಮರ್ಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ದೂರದಲ್ಲಿ ಬ್ಯಾಂಡಿನವರು ಶ್ರುತಿ ಕೂಡಿಸುತ್ತಿದ್ದರು.

"ನಾನು ಪಕ್ಕದಲ್ಲಿ ಕೂತ್ಕೋತೀನಿ. ಏನಾದ್ರೂ ಆದ್ರೆ ಅಂತ," ಎಂದ.

"ಕೂತ್ಕೋ. ಕೈ ಬೀಸೋದು ಮರೀಬೇಡ."

ಕ್ಲೀಟಸ್ ಟೈರಿನ ಮೇಲೆ ಬಿದ್ದು ಬಿದ್ದು ನಕ್ಕ. ಮರ್ಲ್ ನಗಲಿಲ್ಲ. "ಹಾಗಲ್ಲ ಲಾವಾನ್, ದಿಬ್ಬದ ತಿರುವಿನಲ್ಲಿ ಬ್ಯಾಂಡ್ ನಿಂತುಬಿಟ್ರೆ ಏನು ಮಾಡಬೇಕು ಅಂದ್ರೆ, ಮೊದಲು ನೀನು..."

ಲಾವಾನ್ ಬೀಗದ ಕೈ ಮುಷ್ಟಿಯಲ್ಲಿ ಹಿಡಿದು, ಮಡಚದ ಕಾಲನ್ನು ಎಳೆಯುತ್ತಾ, ಕಾರಿನ ಎಡಗಡೆಯ, ಸ್ಟಿಯರಿಂಗ್ ಇರುವ ಬಾಗಿಲಿನತ್ತ ನಡೆದೇಬಿಟ್ಟಿದ್ದಳು. ಅವನಿನ್ನೂ ತಿರುವಿನ ವಿಷಯವನ್ನೇ ಹೇಳುತ್ತಿದ್ದ.